ಒಂದು ಮಗು ಶಾಲೇಲಿ, ಒಂದು ಮಗು ಮನೇಲಿ: ನಮ್ಮ ಖರ್ಚಿನ ಲೆಡ್ಜರ್

ಜೂನ್ 2025, ಮೊದಲ ವಾರ

ಕೆಂಪು ರಟ್ಟಿನ ಲೆಡ್ಜರ್ ತಂದೆ. 85 ರೂಪಾಯಿ. ಅದೇ ಮೊದಲ ಖರ್ಚು, ಪುಟ್ಟಿಯ ಕಾಲಮ್ಮಿಗೆ. ಎಡಗಡೆ ದೊಡ್ಡವನು, ಏಳನೇ ತರಗತಿ, ಎಂದಿನಂತೆ ಖಾಸಗಿ ಶಾಲೆ. ಬಲಗಡೆ ಪುಟ್ಟಿ, ನಾಲ್ಕನೇ ತರಗತಿ, ಈ ವರ್ಷದಿಂದ ಮನೆಯಲ್ಲೇ.

ಇದರ ಹಿಂದೆ ದೊಡ್ಡ ತತ್ವ ಏನೂ ಇಲ್ಲ. ಏಪ್ರಿಲ್‌ನಲ್ಲಿ ಫೀ ಹೆಚ್ಚಿಸಿದ ಚೀಟಿ ಬಂತು. ಪುಟ್ಟಿಗೆ ಜನವರಿಯಿಂದಲೂ ವ್ಯಾನ್ ಬರೋ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಎರಡೂ ಸೇರಿ ಈ ತೀರ್ಮಾನ ಆಯಿತು. ನಮ್ಮವರು ಒಂದೇ ಷರತ್ತು ಹಾಕಿದರು: "ಒಂದು ವರ್ಷ ನೋಡೋಣ, ಆದ್ರೆ ಪೈಸೆ ಪೈಸೆ ಬರೆದಿಡು." ನಾನು ಆಡಿಟರ್ ಆಫೀಸಿನಲ್ಲಿ ಹನ್ನೆರಡು ವರ್ಷ ಬೇರೆಯವರ ಲೆಕ್ಕ ಬರೆದವಳು. ಮನೆ ಲೆಕ್ಕಕ್ಕೆ ಹೆದರುತ್ತೀನಾ?

ಪುಟ್ಟಿಯನ್ನೂ ಅದೇ ಶಾಲೆಯಲ್ಲಿ ಮುಂದುವರಿಸಿದ್ದರೆ ಎಷ್ಟಾಗುತ್ತಿತ್ತು ಎಂದು ಮೊದಲ ಪುಟದಲ್ಲೇ ಬರೆದಿಟ್ಟೆ. ಫೀ 40,000. ಪುಸ್ತಕದ ಕಟ್ಟು 5,600 (ಬಿಡಿಯಾಗಿ ಕೊಡಲ್ಲ, ಬೈಂಡು, ಲೇಬಲ್ ಎಲ್ಲ ಅವರದೇ). ಯೂನಿಫಾರ್ಮ್, ಶೂ 4,300. ವ್ಯಾನ್ ತಿಂಗಳಿಗೆ 1,400, ಹತ್ತು ತಿಂಗಳಿಗೆ 14,000. ಪ್ರಾಜೆಕ್ಟು, ಪಿಕ್ನಿಕ್ಕು, ವಾರ್ಷಿಕೋತ್ಸವಕ್ಕೆ ಅಂದಾಜು 4,000. ಒಟ್ಟು 67,900.

"ಆರ್‌ಟಿಇಲಿ ಯಾಕೆ ಹಾಕಲಿಲ್ಲ?" ಅಂತ ಎದುರು ಮನೆಯವರು ಕೇಳಿದರು. ಖಾಸಗಿ ಶಾಲೆಗಳಲ್ಲಿ ಶೇ. 25 ಉಚಿತ ಸೀಟು ಅಂತ ಆರ್‌ಟಿಇಯಲ್ಲಿ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಇರೋದು ನಿಜ. ಆದರೆ 2019ರಿಂದ ನಮ್ಮ ರಾಜ್ಯದಲ್ಲಿ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಸಿಗಲ್ಲ. ಮೈಸೂರಿನ ನಮ್ಮ ಬಡಾವಣೆಯಲ್ಲಿ ಎರಡು ಸರ್ಕಾರಿ ಶಾಲೆ ಇವೆ.

ಮನೆಪಾಠ ಕಾನೂನಿಗೆ ವಿರುದ್ಧ ಅಲ್ವಾ ಅನ್ನೋದು ಇನ್ನೊಂದು ಪ್ರಶ್ನೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಮಗುವನ್ನು ಶಾಲೆಗೆ ಸೇರಿಸೋದು ತಂದೆ ತಾಯಿಯ ಕರ್ತವ್ಯ ಎಂದು ಅದರಲ್ಲಿದೆ. ಸೇರಿಸದಿದ್ದರೆ ದಂಡ ಎಂದು ಇಲ್ಲ. ಮನೆಪಾಠದ ಮಾತೇ ಇಲ್ಲ. ವಾಪಸ್ ಹೋಗಬೇಕು ಅನ್ನಿಸಿದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತಲೂ ಅದರಲ್ಲೇ ಇದೆ. ನಾನು ಧೈರ್ಯ ಮಾಡಿದ್ದು ಆ ಒಂದು ಸಾಲು ನೋಡಿ.

ಟಿಸಿ ಕೇಳಲು ಹೋದರೆ ಮೊದಲ ಕಂತು ಕಟ್ಟಿ ಆಮೇಲೆ ಮಾತಾಡಿ ಎಂದರು. ಓದದ ವರ್ಷಕ್ಕೆ ಯಾವ ಕಂತು? ಮೂರು ಸಲ ಅಲೆದ ಮೇಲೆ ಕೊಟ್ಟರು. ಆಟೋ ಖರ್ಚು 240, ಬಲಗಡೆ ಕಾಲಮ್ಮಿಗೆ.

ಆಗಸ್ಟ್, ಮೂರನೇ ವಾರ

ದಡ್ಡತನದ ಲೆಕ್ಕ ಮೊದಲು.

ಮನೆಪಾಠ ಅಂದ ಕೂಡಲೇ ವರ್ಕ್‌ಶೀಟ್ ಬೇಕು, ವರ್ಕ್‌ಶೀಟ್ ಅಂದರೆ ಪ್ರಿಂಟರ್ ಬೇಕು ಎಂದು ನಾನೇ ತೀರ್ಮಾನಿಸಿಬಿಟ್ಟೆ. ಇಂಕ್ ಟ್ಯಾಂಕ್ ಪ್ರಿಂಟರ್, 11,500. ನಿನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ. ಮೂರು ತಿಂಗಳಲ್ಲಿ 640 ಪುಟ ಆಗಿದೆ. ಹಾಳೆ, ಇಂಕು ಸೇರಿ ಪುಟಕ್ಕೆ ಸುಮಾರು 70 ಪೈಸೆ. ಸರ್ಕಲ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟಿಗೆ 2 ರೂಪಾಯಿ. ಅಂದರೆ ಪುಟಕ್ಕೆ 1.30 ಉಳಿಯುತ್ತೆ. ಪ್ರಿಂಟರ್ ದುಡ್ಡು ಹುಟ್ಟಬೇಕಾದರೆ ಸುಮಾರು 8,800 ಪುಟ ಆಗಬೇಕು. ಈಗಿನ ವೇಗದಲ್ಲಿ ಮೂರೂವರೆ ವರ್ಷ. ಅಷ್ಟರಲ್ಲಿ ಇಂಕು ಒಣಗಿ ಪ್ರಿಂಟರಿನ ಹೆಡ್ ಕಟ್ಟಿಕೊಂಡಿರುತ್ತೆ. ಕ್ಲೈಂಟುಗಳಿಗೆ "ಮೆಷಿನ್ ತಗೊಳೋ ಮುಂಚೆ ಎಷ್ಟು ಓಡುತ್ತೆ ನೋಡಿ ಸಾರ್" ಎಂದು ಬುದ್ಧಿ ಹೇಳುತ್ತಿದ್ದವಳು ನಾನೇ.

ಎರಡನೇದು ಆನ್‌ಲೈನ್‌ನಲ್ಲಿ ತರಿಸಿದ ಚಟುವಟಿಕೆ ಕಿಟ್, 4,999. ದೊಡ್ಡ ಡಬ್ಬ, ಅದರೊಳಗೆ ಹನ್ನೆರಡು ಚಿಕ್ಕ ಡಬ್ಬ. ಪುಟ್ಟಿ ಎರಡು ದಿನ ಆಡಿದಳು. ಈಗ ಅದರಲ್ಲಿದ್ದ ಆಯಸ್ಕಾಂತ ಫ್ರಿಜ್ಜಿನ ಮೇಲಿದೆ, ಗ್ಯಾಸ್ ಬಿಲ್ ಹಿಡಿದುಕೊಂಡಿದೆ. ಉಳಿದದ್ದು ಅಟ್ಟದ ಮೇಲೆ.

ಬಿಟ್ಟಿ ಸಿಕ್ಕಿದ್ದೇ ಚೆನ್ನಾಗಿ ಉಪಯೋಗಕ್ಕೆ ಬಂದಿದೆ. ನಮ್ಮ ರಾಜ್ಯದ ಪಠ್ಯಪುಸ್ತಕಗಳೂ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕಗಳೂ ಪಿಡಿಎಫ್ ರೂಪದಲ್ಲಿ ಪೂರ್ತಿ ಉಚಿತ. ಕನ್ನಡ, ಪರಿಸರ ಎರಡರ ಅಚ್ಚಾದ ಪ್ರತಿಗಳು ಹಿಂದಿನ ಬೀದಿಯ ಹುಡುಗನಿಂದ ಸಿಕ್ಕವು. ಮಕ್ಕಳ ಕತೆಗಳಿಗೆ ಸ್ಟೋರಿವೀವರ್ ಅನ್ನೋ ಜಾಲತಾಣ ಇದೆ, ಕನ್ನಡದ್ದೇ ಬೇಕಾದಷ್ಟು ಸಿಗುತ್ತೆ. ಆದರೆ ಪುಟ್ಟಿಗೆ ಫೋನಿನಲ್ಲಿ ಓದೋದು ಬೇಡ, ಕೈಯಲ್ಲಿ ಪುಸ್ತಕ ಬೇಕು. ಹಾಗಾಗಿ ಕತೆ ಪುಸ್ತಕದ ಸಾಲು ಬೆಳೀತಾ ಇದೆ. ಅದಕ್ಕೆ ನನ್ನ ತಕರಾರಿಲ್ಲ.

ಅಕ್ಟೋಬರ್, ದಸರಾ ಮುಗಿದ ಮೇಲೆ

ಸೆಪ್ಟೆಂಬರ್ 22ಕ್ಕೆ, ದಸರಾ ಶುರುವಾದ ದಿನವೇ, ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಕ್ರೇಯಾನ್ ಮೇಲಿನ ಜಿಎಸ್‌ಟಿ ಸೊನ್ನೆ ಆಯಿತು. ನೋಟ್‌ಬುಕ್ಕಿಗೆ ಅಲ್ಲಿಯವರೆಗೆ ಶೇ. 12 ಇತ್ತು. ಖುಷಿಯಿಂದ ಅಂಗಡಿಗೆ ಹೋದರೆ "ಹಳೇ ಸ್ಟಾಕ್ ಮೇಡಂ" ಎಂದ. ಎಡಗಡೆ ಕಾಲಮ್ಮಿಗೆ ಇದರಿಂದ ಏನೂ ಆಗಲಿಲ್ಲ. ಶಾಲೆಯ ಕಟ್ಟು ಮೇ ತಿಂಗಳಲ್ಲೇ ಕೊಂಡಾಗಿತ್ತು.

ಈ ತಿಂಗಳು ಅತ್ತೆ ಅಖಾಡಕ್ಕಿಳಿದರು. ಅವರು ನಿವೃತ್ತ ಪ್ರೈಮರಿ ಟೀಚರ್. ಜೂನ್‌ನಿಂದ ಸುಮ್ನೆ ನೋಡುತ್ತಿದ್ದವರು ಒಂದು ದಿನ ನಾನು ಭಿನ್ನರಾಶಿಯ ವರ್ಕ್‌ಶೀಟ್ ಮುಂದಿಟ್ಟುಕೊಂಡು ಕೂಗಾಡುತ್ತಿದ್ದುದನ್ನು ಕೇಳಲಾರದೆ ಪುಟ್ಟಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಹಿತ್ತಾಳೆ ಪಾವು ತೆಗೆದರು. ದೋಸೆಗೆ ನೆನೆಹಾಕುವ ಹೊತ್ತು.

"ನಾಲ್ಕು ಪಾವು ಸೇರಿದ್ರೆ ಒಂದು ಸೇರು. ಮೂರು ಪಾವು ಅಕ್ಕಿ ಹಾಕು."

ಪುಟ್ಟಿ ಅಳೆದಳು. ಪ್ರತಿ ಸಲ ಗೋಪುರದಂತೆ ತುಂಬಿಸುವುದು, ಅತ್ತೆ ಅಂಗೈಯಿಂದ ಮೇಲೆ ಸವರುವುದು.

"ಈಗ ಒಂದು ಪಾವು ಉದ್ದು. ಎಷ್ಟಾಯ್ತು?"

"ಒಂದು ಸೇರು ಅಜ್ಜಿ."

"ಅದ್ರಲ್ಲಿ ಉದ್ದು ಎಷ್ಟು ಭಾಗ?"

ಪುಟ್ಟಿ ಪಾತ್ರೆ ನೋಡಿದಳು, ಪಾವು ನೋಡಿದಳು. "ಕಾಲು! ಅಕ್ಕಿ ಮುಕ್ಕಾಲು!" ಎಂದು ಕುಣಿದ ರಭಸಕ್ಕೆ ಮೆಂತ್ಯದ ಡಬ್ಬ ಕೆಳಗೆ ಬಿತ್ತು. ಮೆಂತ್ಯ ಆರಿಸೋಕೆ ಅರ್ಧ ಗಂಟೆ. ಆ ವರ್ಕ್‌ಶೀಟ್ ಇನ್ನೂ ಖಾಲಿ ಇದೆ.

ಶನಿವಾರಗಳಂದು ಇನ್ನು ಮೂರು ಮನೆಯವರು ಜೊತೆಗೆ ಸೇರುತ್ತಾರೆ. ಹೆಚ್ಚಾಗಿ ಕುಕ್ಕರಹಳ್ಳಿ ಕೆರೆ, ಒಮ್ಮೊಮ್ಮೆ ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ಇತಿಹಾಸದ ಮ್ಯೂಸಿಯಂ. ಮಕ್ಕಳು ಹೆಜ್ಜಾರ್ಲೆ, ನೀರುಕಾಗೆ ಎಣಿಸುತ್ತಾರೆ, ಜಗಳ ಆಡುತ್ತಾರೆ. ಒಂದು ಶನಿವಾರ ಸೋಮನಾಥಪುರ. ಹದಿಮೂರನೇ ಶತಮಾನದ ದೇವಸ್ಥಾನ, ನಕ್ಷತ್ರದ ಆಕಾರದ ಗೋಡೆ. ಮೂಲೆ ಎಣಿಸುತ್ತಾ ಮೂರು ಸುತ್ತು ಹಾಕಿದರು, ಮೂರು ಸಲವೂ ಬೇರೆ ಬೇರೆ ಲೆಕ್ಕ ಬಂತು. ನನಗೂ ಪುಟ್ಟಿಗೂ ಶಕ್ತಿ ಯೋಜನೆಯಲ್ಲಿ ಬಸ್ ಟಿಕೆಟ್ ಇಲ್ಲ, ಅದರಿಂದಲೇ ಓಡಾಟದ ಸಾಲು ಹತೋಟಿಯಲ್ಲಿದೆ. ಗಂಡು ಮಗುವನ್ನು ಮನೆಯಲ್ಲಿ ಓದಿಸುವವರು ಇಲ್ಲಿ ಸ್ವಲ್ಪ ಜಾಸ್ತಿ ಬರೆದುಕೊಳ್ಳಬೇಕು.

ಡಿಸೆಂಬರ್

ಅತ್ತೆ ಲೆಡ್ಜರ್ ತಿರುವಿ ನೋಡಿದರು. ಕನ್ನಡಕ ಮೂಗಿನ ಮೇಲೆ ಇಳಿಸಿಕೊಂಡು, ಮಕ್ಕಳ ಕಾಪಿ ತಿದ್ದೋ ಹಾಗೆ.

"ನನ್ನ ಸಂಬಳ ಎಲ್ಲಿ ಬರ್ದಿದೀಯಮ್ಮ?"

ನಾನು ನಕ್ಕೆ. ಅವರು ನಗಲಿಲ್ಲ.

"ನನ್ನದು ಹೋಗ್ಲಿ ಬಿಡು, ಪೆನ್ಷನ್ ಬರುತ್ತೆ. ನಿನ್ನದು ಎಲ್ಲಿ?"

ನಿಜ ಹೇಳಬೇಕೆಂದರೆ ಆ ಸಾಲನ್ನು ನಾನು ಬೇಕಂತಲೇ ಬಿಟ್ಟಿದ್ದೆ. ಆಫೀಸಿನಲ್ಲಿ ನನಗೆ 21,000 ಬರುತ್ತಿತ್ತು. ಈಗ ಆರು ಅಂಗಡಿಗಳ ಜಿಎಸ್‌ಟಿ ರಿಟರ್ನ್ಸ್ ಮನೆಯಿಂದ ಮಾಡುತ್ತೇನೆ, ಸರಾಸರಿ 12,000. ತಿಂಗಳಿಗೆ 9,000 ಕಡಿಮೆ. ಜೂನ್‌ನಿಂದ ಮಾರ್ಚ್‌ವರೆಗೆ 90,000. ಅದೂ ಪಿಎಫ್ ಬಿಟ್ಟು. ಆ ಸಾಲನ್ನು ಪೆನ್ಸಿಲ್‌ನಲ್ಲಿ ಬರೆದೆ. ಪೆನ್ನಿನಲ್ಲಿ ಬರೆಯಲು ಕೈ ಬರಲಿಲ್ಲ.

ಬೇರೆಯವರ ಮನೆಪಾಠದ ಲೆಕ್ಕಗಳಲ್ಲೂ ಈ ಸಾಲು ಕಾಣಲ್ಲ. ಪುಸ್ತಕಕ್ಕೆ ಇಷ್ಟು, ಕ್ಲಾಸಿಗೆ ಇಷ್ಟು, ಉಳಿದಿದ್ದು ಇಷ್ಟು ಅಂತಾರೆ. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಮಗುವಿನ ಪಕ್ಕ ಕೂತವರು ಯಾರು, ಅವರು ಏನು ಬಿಟ್ಟು ಕೂತರು ಅನ್ನೋದು ಬರಲ್ಲ. ಹೆಚ್ಚಿನ ಮನೆಗಳಲ್ಲಿ ಅದು ಯಾರು ಅಂತ ಹೇಳಬೇಕಾಗಿಲ್ಲ.

ಆದಾಯ ತೆರಿಗೆಯ ಬಗ್ಗೆ ಚಿಕ್ಕದಾಗಿ. ಹಳೇ ಪದ್ಧತಿಯಲ್ಲಿ ರಿಟರ್ನ್ ಹಾಕುವವರಿಗೆ ಎರಡು ಮಕ್ಕಳವರೆಗೆ ಶಾಲೆಯ ಟ್ಯೂಷನ್ ಫೀಯನ್ನು ತೆರಿಗೆ ಲೆಕ್ಕದ ಆದಾಯದಿಂದ ಕಳೆಯಬಹುದು, ಒಟ್ಟು 1.5 ಲಕ್ಷದ ಮಿತಿಯೊಳಗೆ. ವ್ಯಾನು, ಡೊನೇಷನ್ ಸೇರಲ್ಲ. ಮನೆಪಾಠದ ಖರ್ಚು ಏನೇ ಆಗಲಿ ಕಳೆಯುವಂತಿಲ್ಲ. ಹೊಸ ಪದ್ಧತಿಯಲ್ಲಿ ಈ ಕಡಿತವೇ ಇಲ್ಲ, ಆದ್ದರಿಂದ ಅಲ್ಲಿ ಇಬ್ಬರೂ ಸಮ.

ಹತ್ತನೇ ತರಗತಿ ಹೇಗೆ ಅಂತ ನಮ್ಮವರಿಗೆ ಈಗಲೇ ಚಿಂತೆ. ಎನ್‌ಐಒಎಸ್‌ನಲ್ಲಿ (ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ಕೇಂದ್ರದ ಮುಕ್ತ ಶಾಲಾ ಮಂಡಳಿ) 14 ವರ್ಷ ತುಂಬಿದರೆ ಸೆಕೆಂಡರಿಗೆ, ಅಂದರೆ ಹತ್ತನೇ ತರಗತಿಗೆ, ಹೆಸರು ಕೊಡಬಹುದು. ಐದು ವಿಷಯ, ಕನ್ನಡವನ್ನು ಭಾಷೆಯಾಗಿ ತಗೊಳ್ಳಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ, ನೋಂದಣಿ ಐದು ವರ್ಷ ನಡೆಯುತ್ತೆ. ಅದರ ಒಟ್ಟು ಫೀ ದೊಡ್ಡವನ ಶಾಲೆಯ ಒಂದು ಕಂತಿಗಿಂತ ಎಷ್ಟೋ ಕಡಿಮೆ. ಆದರೆ ಅಲ್ಲಿಯವರೆಗೆ ಇನ್ನೂ ಐದು ವರ್ಷ ಇದೆ. ಐದು ಸಲ 90,000 ಅಂತ ಮನಸ್ಸು ತಾನಾಗಿ ಗುಣಿಸಿಬಿಡುತ್ತೆ.

ಫೆಬ್ರವರಿ

ಎಡಗಡೆಯದು ಎರಡೇ ಸಾಲು. ವಾರ್ಷಿಕೋತ್ಸವಕ್ಕೆ ಸೈನಿಕನ ವೇಷ, ಬಾಡಿಗೆ 900, ವೇದಿಕೆ ಮೇಲೆ ಆರು ನಿಮಿಷ. ಗಣಿತದ ಟ್ಯೂಷನ್ ತಿಂಗಳಿಗೆ 800, ಜುಲೈನಿಂದ. ಶಾಲೆಗೆ ಅಷ್ಟು ದುಡ್ಡು ಕೊಟ್ಟ ಮೇಲೂ ಟ್ಯೂಷನ್ ಯಾಕೆ ಎಂದು ಕೇಳಬೇಡಿ, ನಾನೂ ಕೇಳಿಕೊಳ್ಳೋದು ಬಿಟ್ಟಿದ್ದೇನೆ.

ಮಾರ್ಚ್ 2026, ಕೊನೆಯ ವಾರ

ಒಟ್ಟು ಹಾಕಿದೆ.

ದೊಡ್ಡವನು: ಫೀ 42,000, ಪುಸ್ತಕ 6,400, ಬಟ್ಟೆ ಶೂ 4,850, ವ್ಯಾನ್ 14,000, ಇತರೆ 5,270, ಟ್ಯೂಷನ್ 7,200. ಒಟ್ಟು 79,720.

ಪುಟ್ಟಿ: ಪ್ರಿಂಟರ್ 11,500, ಹಾಳೆ ಇಂಕು 2,900, ಆ ಕಿಟ್ 4,999, ಪುಸ್ತಕ 4,150, ಭರತನಾಟ್ಯ 7,000, ಈಜು 2,500, ಓಡಾಟ ಮತ್ತು ಟಿಕೆಟ್ 5,200, ಸ್ಟೇಷನರಿ 2,350, ಇಂಟರ್ನೆಟ್ ಪ್ಲಾನ್ ಏರಿಸಿದ್ದು 2,000, ಶನಿವಾರದ ಗುಂಪಿಗೆ 3,000. ಒಟ್ಟು 45,599.

67,900ರಲ್ಲಿ ಇದನ್ನು ಕಳೆದರೆ 22,301 ಉಳಿತಾಯ. ಪ್ರಿಂಟರ್, ಕಿಟ್ ಎರಡೂ ಇಲ್ಲದಿದ್ದರೆ ಪುಟ್ಟಿಯ ಖರ್ಚು 29,100ಕ್ಕೇ ನಿಲ್ಲುತ್ತಿತ್ತು. ನಮ್ಮವರಿಗೆ ಭಾರಿ ಖುಷಿ. ಆಗ ಪೆನ್ಸಿಲ್ ಸಾಲು ತೋರಿಸಿದೆ. 22,301 ಉಳಿಸಲು 90,000 ಬಿಟ್ಟಿದ್ದೇವೆ, ಅಂದರೆ 67,699 ಕೈ ಬಿಟ್ಟಿದೆ. ಅವರು ಲೆಡ್ಜರ್ ಮುಚ್ಚಿ ಕಾಫಿ ಮಾಡಲು ಎದ್ದರು. ನನಗೂ ಒಂದು ಲೋಟ ಬಂತು. ಆ ಪೆನ್ಸಿಲ್ ಸಾಲಿನ ಮೇಲೆ ಪೆನ್ನಿನಲ್ಲೇ ಬರೆದೆ.

ಪುಟ್ಟಿಯ ಹೊಟ್ಟೆನೋವು ಜೂನ್ ನಂತರ ಒಂದು ದಿನವೂ ಬಂದಿಲ್ಲ. ಅದನ್ನು ಯಾವ ಕಾಲಮ್ಮಿಗೆ ಹಾಕಲಿ?

"ಮೂರನೇ ಕಾಲಂ ಯಾಕೆ ಹಾಕಲಿಲ್ಲ ನೀನು?" ಎಂದು ಅತ್ತೆ ಕೇಳಿದ್ದು ಯುಗಾದಿ ದಿನ. ಮೂವತ್ತನಾಲ್ಕು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದವರ ಮನೆಯಲ್ಲಿ ಆ ಕಾಲಂ ಯಾರಿಗೂ ಹೊಳೆದೇ ಇಲ್ಲ. ನಾಚಿಕೆ ಆಯಿತು. ಮಾರನೇ ದಿನ ಅವರನ್ನೇ ಕರೆದುಕೊಂಡು ಬೀದಿ ತುದಿಯ ಸರ್ಕಾರಿ ಶಾಲೆಗೆ ಹೋದೆ. ಫೀ ಇಲ್ಲ. ಪಠ್ಯಪುಸ್ತಕ, ಯೂನಿಫಾರ್ಮ್, ಶೂ, ಮಧ್ಯಾಹ್ನದ ಊಟ, ಹಾಲು, ಮೊಟ್ಟೆ ಎಲ್ಲ ಅಲ್ಲೇ. ನೋಟ್‌ಬುಕ್, ಬ್ಯಾಗು, ಭರತನಾಟ್ಯ, ಶನಿವಾರದ ಓಡಾಟ ಸೇರಿಸಿದರೂ ವರ್ಷಕ್ಕೆ 15,000 ದಾಟಲ್ಲ. ನಾನು ಪೂರ್ತಿ ಆಫೀಸಿಗೆ ಹೋಗಬಹುದು, ಬಸ್ಸಿಗೂ ದುಡ್ಡು ಕೊಡಬೇಕಿಲ್ಲ.

ಅಡ್ಡಿ ಇಲ್ಲವೆಂದಲ್ಲ. ಐದು ತರಗತಿಗೆ ಇಬ್ಬರೇ ಟೀಚರ್. ನಾಲ್ಕು, ಐದು ಒಟ್ಟಿಗೇ ಕೂರುತ್ತವೆ. ಐದನೆಯದರಲ್ಲಿ ಇರೋದು ಹನ್ನೊಂದು ಮಕ್ಕಳು. ಹೆಡ್ ಮೇಡಂ ಅತ್ತೆಯನ್ನು ಗುರುತು ಹಿಡಿದು ಕುರ್ಚಿ ಹಾಕಿಸಿದರು. "ಆಧಾರ್, ಜನನ ಪತ್ರ, ಟಿಸಿ ತನ್ನಿ, ಒಂದು ವರ್ಷ ಗ್ಯಾಪ್ ಆದ್ರೂ ಪರವಾಗಿಲ್ಲ" ಎಂದರು. ಪುಟ್ಟಿ ಮಾತ್ರ ಹುಣಸೆ ಮರದ ಕೆಳಗೆ ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿಯರನ್ನು ನೋಡುತ್ತಾ ನಿಂತಿದ್ದಳು. ಹೊರಡೋಣ ಅಂದರೆ "ಇನ್ನೊಂದು ಸ್ವಲ್ಪ" ಎಂದಳು.

ಇನ್ನೂ ಪಕ್ಕಾ ಆಗಿಲ್ಲ. ಏಪ್ರಿಲ್ ಪೂರ್ತಿ ಮನೆಪಾಠ, ಮೇ ಕೊನೆಗೆ ತೀರ್ಮಾನ. ಬೆಳಗಿನ ಹೊತ್ತು ಅಲ್ಲಿ, ಸಂಜೆ ಅಜ್ಜಿಯ ಪಾವು ಇಲ್ಲಿ ಎಂಬ ಕಡೆಗೆ ವಾಲಿದ್ದೇವೆ. ಆಡಿಟರ್ ಸಾರ್‌ಗೆ ಫೋನ್ ಮಾಡಿದೆ, ಜೂನ್‌ನಿಂದ ಬನ್ನಿ ಎಂದರು. ದೊಡ್ಡವನು ಬೇರೆ "ನನ್ನನ್ನೂ ಅಲ್ಲಿಗೇ ಹಾಕಿ" ಎಂದು ಶುರು ಮಾಡಿದ್ದಾನೆ, ಅಲ್ಲಿ ಎಂಟನೇ ತರಗತಿಯೇ ಇಲ್ಲ ಅಂದರೂ ಕೇಳಲ್ಲ.

ಲೆಡ್ಜರ್‌ನಲ್ಲಿ ಮೂರನೇ ಕಾಲಮ್ಮಿಗೆ ಗೆರೆ ಎಳೆದಾಗಿದೆ. ಪ್ರಿಂಟರ್ ಮಾರಾಟಕ್ಕಿದೆ, 6,000 ಹೇಳುತ್ತಿದ್ದೇನೆ, 5,000 ಬಂದರೆ ಕೊಟ್ಟುಬಿಡುತ್ತೇನೆ. ಇಂಕ್ ಅರ್ಧ ತುಂಬಿದೆ.