ಮುತ್ತಜ್ಜಿಯ ತಾಮನೆಯನ್ನು ಹುಡುಕುತ್ತ

ಕೊಡವರು ಒಕ್ಕ ಎಂದು ಕರೆಯುವ ನಮ್ಮ ಮನೆತನದ ವಂಶವೃಕ್ಷವನ್ನು ಬರೆಯಲು ಕುಳಿತಾಗ ಗಂಡಸರ ಏಳು ತಲೆಮಾರಿನ ಹೆಸರುಗಳು ಒಂದೇ ಮಧ್ಯಾಹ್ನದಲ್ಲಿ ಸಿಕ್ಕವು. ಅವರನ್ನು ಮದುವೆಯಾಗಿ ಬಂದವರ ಹೆಸರುಗಳು ಮಾತ್ರ ಮೂರನೆಯ ತಲೆಮಾರಿಗೇ ನಿಂತುಹೋದವು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಕಾಗದಗಳಲ್ಲಿ ಇರುವುದು ಒಕ್ಕದ ಮುಖ್ಯಸ್ಥನಾದ ಪಟ್ಟೆದಾರನ ಹೆಸರು, ಹಿರಿಯರ ಗುಡಿಯಾದ ಕೈಮಡದಲ್ಲಿ ಪೂಜೆ ಸಲ್ಲುವುದು ಒಕ್ಕದ ಮೂಲಪುರುಷನಾದ ಗುರುಕಾರಣನಿಗೆ. ಹೀಗಿರುವಾಗ ನನ್ನ ಮುತ್ತಜ್ಜಿಯನ್ನು ಹುಡುಕುವುದು ಎಲ್ಲಿ?

ಕೊಡವರಲ್ಲಿ ಒಕ್ಕದ ಹೆಸರು ಮೊದಲು ಬಂದು ಸ್ವಂತ ಹೆಸರು ಕೊನೆಯಲ್ಲಿ ಬರುತ್ತದೆ. ಮದುವೆಯಾದ ಹೆಣ್ಣಿಗೆ ಆ ಮೊದಲ ಭಾಗವೇ ಬದಲಾಗುವುದರಿಂದ, ಅಕಾರಾದಿಯಾಗಿ ಜೋಡಿಸಿದ ಯಾವುದೇ ಪಟ್ಟಿಯಲ್ಲಿ ಆಕೆ ಬೇರೆ ಪುಟಕ್ಕೆ ಹೋಗಿಬಿಡುತ್ತಾಳೆ. ವಿಧವೆಯಾದ ಮೇಲೆ ಕೂಡಾವಳಿಯಲ್ಲಿ, ಅಂದರೆ ಮರುಮದುವೆಯಲ್ಲಿ, ಇನ್ನೊಂದು ಒಕ್ಕಕ್ಕೆ ಹೋದರೆ ಮತ್ತೊಮ್ಮೆ ಪುಟ ಬದಲಾಗುತ್ತದೆ. ಸ್ವಂತ ಹೆಸರಾದರೂ ಸ್ಥಿರವೇ ಎಂದರೆ ಅದೂ ಇಲ್ಲ. ಮುತ್ತವ್ವ ಎಂಬ ಹೆಸರನ್ನು ಒಬ್ಬ ಗುಮಾಸ್ತ ಮುತ್ತಮ್ಮ ಎಂದು ತಿದ್ದಿ ಬರೆಯಬಹುದು, ಇನ್ನೊಬ್ಬ ಇಂಗ್ಲಿಷಿನಲ್ಲಿ ಒಂದು ಅಕ್ಷರ ಕಡಿಮೆ ಮಾಡಬಹುದು, ಅದನ್ನು ಮತ್ತೆ ಕನ್ನಡಕ್ಕೆ ತರುವವರು ಮುತಾವ ಎಂದು ಓದಬಹುದು. ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಡುವ ರೂಢಿಯೂ ಸೇರಿದರೆ ಇಬ್ಬರು ಒಬ್ಬಳಾಗಿಬಿಡುತ್ತಾರೆ.

ನಾನು ಹೆಚ್ಚು ಎಡವಿದ್ದು ಕಾಗದದಲ್ಲಲ್ಲ, ಕೇಳಿಸಿಕೊಂಡ ಮಾತಿನಲ್ಲಿ. ಕೊಡವ ತಕ್ಕಿನಲ್ಲಿ, ಅಂದರೆ ಕೊಡವರ ಭಾಷೆಯಲ್ಲಿ, ಅವ್ವ ಎಂದರೆ ಅಮ್ಮ, ತಾಯಿ ಎಂದರೆ ಅಜ್ಜಿ. ಹಿರಿಯರೊಬ್ಬರು ‘ತಾಯಿ’ ಎಂದು ಹೇಳಿದ್ದನ್ನು ಕನ್ನಡದ ಕಿವಿಯಿಂದ ಕೇಳಿ ಬರೆದುಕೊಂಡ ನಾನು ಒಂದು ತಲೆಮಾರನ್ನೇ ನುಂಗಿದ್ದೆ. ಆರು ತಿಂಗಳ ಟಿಪ್ಪಣಿಗಳನ್ನು ಮತ್ತೆ ಬರೆಯಬೇಕಾಯಿತು.

ಅಚ್ಚಿನಲ್ಲಿ ಹೆಸರು ಉಳಿದವರ ವಿಷಯದಲ್ಲೂ ತೊಡಕು ತಪ್ಪಿದ್ದಲ್ಲ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡ ಕಥೆಗಾರ್ತಿಯನ್ನು ನಾವು ಕೊಡಗಿನ ಗೌರಮ್ಮ ಎಂದು ಕರೆಯುತ್ತೇವೆ. ಆದರೆ ಅವರು ಬರೆಯುತ್ತಿದ್ದುದು ಗಂಡನ ಹೆಸರನ್ನು ಹೊತ್ತ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ. ಗೌರಮ್ಮ ಎಂದಷ್ಟೇ ಹುಡುಕುವವರಿಗೆ ಆ ಕಾಲದ ಪತ್ರಿಕೆಯ ಪುಟದಲ್ಲಿ ಅವರು ಸಿಗುವುದಾದರೂ ಹೇಗೆ?

ಆದ್ದರಿಂದ ಈಗ ನಾನು ಹೆಸರನ್ನು ಹಿಂಬಾಲಿಸುವುದನ್ನು ಬಿಟ್ಟು ತಾಮನೆಯನ್ನು, ಅಂದರೆ ತವರಿನ ಒಕ್ಕವನ್ನು, ಹಿಂಬಾಲಿಸುತ್ತಿದ್ದೇನೆ. ಯಾವ ಊರು, ಯಾವ ಒಕ್ಕದ ಮಗಳು ಎಂಬುದನ್ನು ಹೆಸರು ಮರೆತವರೂ ನೆನಪಿಟ್ಟಿರುತ್ತಾರೆ. ಗಂಡುಸಂತಾನವಿಲ್ಲದ ಮನೆಯಲ್ಲಿ ನಡೆದ ಒಕ್ಕಪರಿಜೆ ಮದುವೆಗಳನ್ನು ಮಾತ್ರ ಬೇರೆಯಾಗಿ ಗುರುತಿಸಿಕೊಳ್ಳಬೇಕು, ಏಕೆಂದರೆ ಅಲ್ಲಿ ಮಕ್ಕಳು ಸೇರುವುದು ಅಮ್ಮನ ಒಕ್ಕಕ್ಕೆ.

ಒಕ್ಕದ ಮೂಲಮನೆಯಾದ ನಮ್ಮ ಐನ್‌ಮನೆಯ ಅಟ್ಟದಲ್ಲಿ ಸಿಕ್ಕ ಕಂಚಿನ ಚೊಂಬೊಂದರ ಕಂಠದ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆದ ಎರಡು ಅಕ್ಷರಗಳಿವೆ. ಮೊದಲನೆಯದು ನಮ್ಮ ಒಕ್ಕದ್ದಲ್ಲ. ಅದೇ ಅಕ್ಷರದಿಂದ ಆರಂಭವಾಗುವ ಮೂರು ಒಕ್ಕಗಳು ಪಕ್ಕದ ನಾಡಿನಲ್ಲಿವೆ. ಸುಗ್ಗಿಯ ಹಬ್ಬವಾದ ಹುತ್ತರಿಗೆ ಎಲ್ಲರೂ ಐನ್‌ಮನೆಗಳಿಗೆ ಬಂದಿರುತ್ತಾರೆ. ಚೊಂಬನ್ನು ಕೈಯಲ್ಲಿ ಹಿಡಿದು ಮೂರೂ ಕಡೆ ಹೋಗಿ ಕೇಳಬೇಕೆಂದಿದ್ದೇನೆ.