ವಾಸನಿ ನೋಡಿ ತಂದ್ಯೇನ?

ಮಂಗಳವಾರ ಬೆಳಿಗ್ಗೆ ಅವ್ವ ಎರಡು ಕೈಚೀಲ ಝಾಡಿಸಿ ಬಾಗಿಲ ಹತ್ತಿರ ಇಟ್ಟಳು. ಒಂದು ಕಾಯಿಪಲ್ಲೆಗೆ, ಒಂದು ಕಿರಾಣಿಗೆ. ನಾನು ಜರ್ಮನಿಗೆ ವಾಪಸ್ ಹೋಗಲು ಇನ್ನು ಆರೇ ದಿನ ಉಳಿದಿತ್ತು.

"ಇವತ್ತ ನೀನ ಆರಸು. ನಾ ಚೀಲಾ ಹಿಡಕೊಂಡ ನಿಂದರ್ತೀನಿ," ಅಂದಳು.

ಮೊದಲೆಲ್ಲ ಇದು ಉಲ್ಟಾ ಇತ್ತು. ಮದುವೆಯಾಗುವ ತನಕ ಅವ್ವನ ಹಿಂದೆ ಎಷ್ಟು ಸಂತೆ ತಿರುಗಿದ್ದೇನೋ ಲೆಕ್ಕವಿಲ್ಲ. ಆದರೆ ಚೀಲ ಹಿಡಿಯುವುದು ನನ್ನ ಪಾಲು, ಆರಿಸುವುದು ಅವಳ ಪಾಲು. ಅವಳು ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದಳು, ಬದನೆಕಾಯಿಯ ತೊಟ್ಟು ಹಸಿರಿದೆಯಾ ಅಂತ ತಿರುವಿ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ, ಅಷ್ಟೇ. ಸಂತೆ ಮಾಡುವುದೂ ಒಂದು ವಿದ್ಯೆ ಅಂತ ನನಗೆ ತಿಳಿದದ್ದು ಧಾರವಾಡ ಬಿಟ್ಟ ಮೇಲೆ.

ನಮ್ಮೂರಲ್ಲಿ ಸೂಪರ್ ಮಾರ್ಕೆಟ್ ಅಂದರೆ ಗಾಜಿನ ಬಾಗಿಲಿನ ಅಂಗಡಿಯಲ್ಲ. ಧಾರವಾಡದ ಕಾಯಿಪಲ್ಲೆ ಮಾರುಕಟ್ಟೆಗೇ ಆ ಹೆಸರು. ನೆಲಕ್ಕೆ ಗೋಣಿಚೀಲ ಹಾಸಿ, ಮೇಲೆ ತಾಡಪತ್ರಿ ಕಟ್ಟಿಕೊಂಡು ಕೂತ ಹೆಂಗಸರು, ಮಂಗಳವಾರ ಬಂತೆಂದರೆ ಸುತ್ತಲಿನ ಹಳ್ಳಿಗಳಿಂದ ಬಂದಿಳಿಯುವ ಪಲ್ಲೆಯ ಗಂಟುಗಳು. ಹೀಗಾಗಿ ಕಳೆದ ವರ್ಷ ಸ್ಟುಟ್‌ಗಾರ್ಟ್ ಸೇರಿದ ಮೊದಲ ಶನಿವಾರ ನಮ್ಮ ಮನೆಯವರು "ನಡಿ, ಸೂಪರ್ ಮಾರ್ಕೆಟ್‌ಗೆ ಹೋಗಿ ಬರೋಣ" ಅಂದಾಗ ನನ್ನ ಕಣ್ಣ ಮುಂದೆ ಬಂದದ್ದು ಇದೇ.

ಆ ಶನಿವಾರವೇ ಹೋಗಲೇಬೇಕಿತ್ತು. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ. ಭಾನುವಾರ ವಿಶ್ರಾಂತಿಯ ದಿನ ಅಂತ 1919ರ ಸಂವಿಧಾನದಲ್ಲೇ ಬರೆದಿದ್ದರು, ಈಗಿನ ಸಂವಿಧಾನವೂ ಆ ಮಾತನ್ನು ಹಾಗೇ ಉಳಿಸಿಕೊಂಡಿದೆ. ದೊಡ್ಡ ರೈಲ್ವೆ ಸ್ಟೇಷನ್ನಿನ ಅಂಗಡಿ ಬಿಟ್ಟರೆ ಒಂದು ಉಪ್ಪಿನ ಪೊಟ್ಟಣ ಸಿಗುವುದೂ ಕಷ್ಟ. ಮನೆಯಲ್ಲಿ ನಮ್ಮ ಹತ್ತಿರ ಇದ್ದದ್ದು ಊರಿಂದ ತಂದ ಅವಲಕ್ಕಿ, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಖಡಕ್ ರೊಟ್ಟಿ.

ಅಂಗಡಿ ಮುಂದೆ ಸಾಮಾನು ತುಂಬುವ ತಳ್ಳುಗಾಡಿಗಳನ್ನು ಒಂದಕ್ಕೊಂದು ಸರಪಳಿಯಲ್ಲಿ ಕಟ್ಟಿದ್ದರು. ನಾಣ್ಯ ತುರುಕಿದರೆ ಮಾತ್ರ ಬಿಡಿಸಿಕೊಳ್ಳುತ್ತದೆ, ಗಾಡಿ ವಾಪಸ್ ಇಟ್ಟರೆ ನಾಣ್ಯವೂ ವಾಪಸ್. ನಮ್ಮ ಹತ್ತಿರ ನಾಣ್ಯ ಇರಲಿಲ್ಲ. ಕೈಯಲ್ಲೇ ಹಿಡಿದು ತರೋಣ ಅಂತ ಒಳಗೆ ಹೋದೆವು.

ಒಳಗೆ ಹೋದ ಮೇಲೆ ನನಗೆ ಮೊದಲು ಕಾಡಿದ್ದು ಅಲ್ಲಿನ ಮೌನ. ಸಂತೆಯಲ್ಲಿ ಅವ್ವ "ಹೆಂಗವಾ ಮೆಂತೆ?" ಅಂತ ಕೇಳಿದರೆ ದರ ಒಂದೇ ಬರುವುದಿಲ್ಲ. ಎಲ್ಲಿಯ ಮೆಂತೆ, ಯಾವಾಗ ಕಿತ್ತದ್ದು, ಈ ವಾರ ಯಾಕೆ ತುಟ್ಟಿ, ಎಲ್ಲ ಬರುತ್ತದೆ. ಇಲ್ಲಿ ಯಾರನ್ನೂ ಏನೂ ಕೇಳುವ ಹಾಗಿಲ್ಲ, ಕೇಳಲು ನನಗೆ ಭಾಷೆಯೂ ಇಲ್ಲ. ಎಲ್ಲ ಪೊಟ್ಟಣದ ಮೇಲೆ ಬರೆದಿದೆ, ಓದಲು ಬರುವುದಿಲ್ಲ. ಎಂ.ಎ. ಮಾಡಿದವಳು ನಾನು. ಉಪ್ಪು ಯಾವುದು, ಸಕ್ಕರೆ ಯಾವುದು ಅಂತ ಪೊಟ್ಟಣ ಅಲುಗಾಡಿಸಿ ನೋಡುತ್ತಾ ನಿಂತಾಗ ಕಣ್ಣಲ್ಲಿ ನೀರು ಬಂತು. ಅಕ್ಷರ ಬರದ ನಮ್ಮ ಅಜ್ಜಿ ಬಸ್ಸಿನ ಬೋರ್ಡ್ ಓದಿಸಿಕೊಳ್ಳಲು ಯಾರದೋ ಮುಖ ನೋಡುತ್ತಾ ನಿಲ್ಲುತ್ತಿದ್ದದ್ದು ಅವತ್ತು ನೆನಪಾಯಿತು.

ಕೌಂಟರಿನಲ್ಲಿ ಇನ್ನೊಂದು ಪೇಚಾಟ. ಕೂತ ಹೆಂಗಸು ಸಾಮಾನು ದಬದಬ ಈಚೆ ತಳ್ಳಿದಳು. ಚೀಲದಲ್ಲಿ ತುಂಬಿಕೊಳ್ಳುವುದು ನಮ್ಮ ಕೆಲಸ. ನಾವು ಚೀಲ ತಂದಿರಲಿಲ್ಲ. ಧಾರವಾಡದಲ್ಲಿ ಚೀಲ ಇಲ್ಲದೆ ಮನೆಯ ಮೆಟ್ಟಿಲು ಇಳಿಯದವರು, ಅಷ್ಟು ದೂರ ಹೋಗಿ ಬರಿಗೈಲಿ ನಿಂತಿದ್ದೆವು.

ಮನೆಗೆ ಬಂದು ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. ತಂದದ್ದನ್ನೆಲ್ಲ ತೋರಿಸಿದೆ. ಒಗ್ಗರಣೆಗೆ ಕೊತಂಬರಿ ಹೆಚ್ಚಿಟ್ಟಿದ್ದೆ, ಅದನ್ನೂ ತೋರಿಸಿದೆ. ಅವ್ವ ಫೋನ್ ಹತ್ತಿರ ಹಿಡಿದು ನೋಡಿದಳು.

"ವಾಸನಿ ನೋಡಿ ತಂದ್ಯೇನ?"

ನೋಡಿರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದನ್ನು ಏನು ಮೂಸುವುದು ಅಂತ ಹಾಗೇ ತಂದಿದ್ದೆ. ಈಗ ಮೂಸಿದರೆ ಬೇರೆಯೇ ವಾಸನೆ. ಅದು ಪಾರ್ಸ್ಲಿ. ಎಲೆ ನೋಡಲು ಕೊತಂಬರಿಯ ತಂಗಿಯಂತೆ ಇರುತ್ತದೆ, ಎರಡೂ ಒಂದೇ ಕುಟುಂಬದ ಗಿಡಗಳೇ. ಆದರೆ ಸಾರಿಗೆ ಹಾಕಿದರೆ ಕೊತಂಬರಿ ಕೊತಂಬರಿಯೇ.

ಅವತ್ತಿನಿಂದ ಅವ್ವ ಧಾರವಾಡದಲ್ಲಿ ಕೂತೇ ನನ್ನ ಜೊತೆ ಸಂತೆ ಮಾಡಿದಳು. ಜರ್ಮನಿಯಲ್ಲಿ ಸಂಜೆ ಆರು ಅಂದರೆ ಧಾರವಾಡದಲ್ಲಿ ಬೇಸಿಗೆಯಲ್ಲಿ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ನಿದ್ದೆ ಬಿಟ್ಟು ಕೂತಿರುತ್ತಿದ್ದಳು. ನಾನು ಕಪಾಟುಗಳ ಮುಂದೆ ಫೋನ್ ಹಿಡಿಯುತ್ತಿದ್ದೆ, ಅವಳು ಅನುಮಾನ ಪರಿಹಾರ ಮಾಡುತ್ತಿದ್ದಳು. ಮೊಸರು ಅಂದುಕೊಂಡು ನಾನು ಕ್ವಾರ್ಕ್ ಅನ್ನುವ ಮೆತ್ತನೆಯ ಹಸಿ ಚೀಸ್ ತಂದಿದ್ದೆ. ಅನ್ನಕ್ಕೆ ಕಲಸಿದರೆ ಗಂಟು ಗಂಟು. ಅವ್ವ ಡಬ್ಬಿಯಲ್ಲಿ ಚಮಚ ನೆಟ್ಟಗೆ ನಿಂತದ್ದನ್ನು ನೋಡಿದವಳೇ "ಏ, ಇದು ಚಕ್ಕಾ ಇದ್ದಂಗ ಐತಿ. ಸಕ್ಕರಿ, ಯಾಲಕ್ಕಿ ಹಾಕಿ ಶ್ರೀಖಂಡ ಮಾಡು" ಅಂದಳು. ಚಕ್ಕಾ ಅಂದರೆ ನೀರು ಬಸಿದ ಗಟ್ಟಿ ಮೊಸರು. ಅಷ್ಟು ಚೆಂದದ ಶ್ರೀಖಂಡ ನಾನು ಧಾರವಾಡದಲ್ಲೂ ಮಾಡಿರಲಿಲ್ಲ.

ಹಿಟ್ಟಿನದು ದೊಡ್ಡ ಪಾಠ. ಅಲ್ಲಿ ಗೋಧಿ ಹಿಟ್ಟಿನ ಪೊಟ್ಟಣದ ಮೇಲೆ 405, 550, 1050 ಅಂತ ನಂಬರ್ ಇರುತ್ತವೆ. ಅಗ್ಗದ್ದು, ಎಲ್ಲ ಕಡೆ ಸಿಗುವುದು 405. ಅದರಲ್ಲಿ ಚಪಾತಿ ಮಾಡಿದೆ. ಬಿಸಿ ಇದ್ದಾಗ ಮೆತ್ತಗೆ, ಆರಿದ ಕೂಡಲೇ ಚಕ್ಕಳ. ಆಮೇಲೆ ತಿಳಿಯಿತು, ಅದು ಹೆಚ್ಚುಕಡಿಮೆ ನಮ್ಮ ಮೈದಾ. 100 ಗ್ರಾಂ ಹಿಟ್ಟನ್ನು ಪೂರ್ತಿ ಸುಟ್ಟರೆ ಸುಮಾರು ಎಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತದೋ ಅದೇ ಆ ನಂಬರ್. ತೌಡು ಜಾಸ್ತಿ ಉಳಿದಷ್ಟೂ ಬೂದಿ ಜಾಸ್ತಿ, ನಂಬರ್ ದೊಡ್ಡದು. ಇದನ್ನು ಹೇಳಿದಾಗ ಅವ್ವ ಬೆರಗಾದಳು. "ಹಿಟ್ಟಿನ ಚೀಲದ ಮ್ಯಾಲೆ ಬೂದಿ ಲೆಕ್ಕಾ ಬರೀತಾರೇನ!" ಆಮೇಲೆ ಸ್ವಲ್ಪ ಯೋಚಿಸಿ, "ಹಂಗಾರ 1050ರೊಳಗ ಒಂದ ಹಿಡಿ ಇಡೀ ಗೋಧಿ ಹಿಟ್ಟ ಕೂಡಿಸಿ ನೋಡು" ಅಂದಳು. ಚಪಾತಿ ಸರಿಹೋಯಿತು.

ನಾವು ಸಸ್ಯಾಹಾರಿಗಳು. ಊರಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕಿ ಕಂಡರೆ ಮುಗಿಯಿತು. ಅಲ್ಲಿ ಅಂಥ ಕಡ್ಡಾಯದ ಗುರುತಿಲ್ಲ, ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಬೇಕು. ಕೆಲವು ಹಣ್ಣಿನ ಮೊಸರಿನಲ್ಲಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಎಲುಬಿನಿಂದ ಬರುವಂಥದ್ದು. ನಾನು ಕಲಿತ ಮೊದಲ ಹತ್ತು ಜರ್ಮನ್ ಪದಗಳಲ್ಲಿ ಅದೂ ಒಂದು.

ನನಗೆ ಆ ಊರು ಸ್ವಲ್ಪ ನನ್ನದು ಅನ್ನಿಸಿದ್ದು ಒಂದು ಟರ್ಕಿ ಅಂಗಡಿಯಲ್ಲಿ. ಅಂಗಡಿ ಹೊರಗೇ ಬದನೆಕಾಯಿ, ಹಸಿಮೆಣಸಿನಕಾಯಿ, ಪುದೀನ ಹರವಿದ್ದರು. ಬೆಂಡೆಕಾಯಿಯೂ ಇತ್ತು, ಬೆರಳಿನ ಒಂದು ಗೆಣ್ಣಿನಷ್ಟು ಸಣ್ಣವು. ನಾನು ಒಂದರ ತುದಿ ಮುರಿದೆ. ಟಕ್ ಅಂತು. ಅಂಗಡಿಯ ಮುದುಕರು ನೋಡಿಬಿಟ್ಟರು. ಬೈಯುತ್ತಾರೆ ಅಂದುಕೊಂಡೆ. ಅವರು ನಕ್ಕು "ಬಾಮ್ಯಾ" ಅಂತ ಹೆಸರು ಹೇಳಿಕೊಟ್ಟರು. ನಾನು "ಬೆಂಡಿಕಾಯಿ" ಅಂದೆ. ಕೊತಂಬರಿ ಬೇಕು ಅನ್ನುವುದನ್ನು ಹೇಗೆ ಕೇಳುವುದು? ಫೋನಿನಲ್ಲಿ ಚಿತ್ರ ತೋರಿಸಿದೆ. ಅವರು ಎರಡು ಸೂಡು ತಂದರು, ಒಂದು ಪಾರ್ಸ್ಲಿ, ಒಂದು ಕೊತಂಬರಿ. ಒಂದೊಂದರಿಂದ ಎಲೆ ಕಿತ್ತು ಬೆರಳಲ್ಲಿ ಉಜ್ಜಿ ನನ್ನ ಅಂಗೈ ಮೇಲಿಟ್ಟು, ಮೂಸು ಅಂತ ಸನ್ನೆ ಮಾಡಿದರು. ಅವ್ವನೇ ಎದುರಿಗೆ ನಿಂತಂತಾಯಿತು.

ಆಮೇಲೆ ಅಲ್ಲಿಗೇ ಹೋಗತೊಡಗಿದೆ. ಹೋಗುತ್ತಾ ಹೋಗುತ್ತಾ ಒಂದು ವಿಷಯ ಗಮನಕ್ಕೆ ಬಂತು. ಅವರು ಅಂಗಡಿಗೆ ದುಕ್ಕಾನ್ ಅನ್ನುತ್ತಾರೆ. ಬಜಾರಿಗೆ ಪಜಾರ್, ಲೆಕ್ಕಕ್ಕೆ ಹೆಸಾಪ್, ಚಹಾಕ್ಕೆ ಚಾಯ್, ಸಕ್ಕರೆಗೆ ಶೆಕೆರ್. ನಮ್ಮ ಕಡೆ ದುಕಾನ, ಬಜಾರ, ಹಿಸಾಬು, ಚಹಾ, ಸಕ್ಕರಿ. ಅರಬ್ಬಿ, ಪಾರಸಿ ಮಾತುಗಳು ಒಂದು ಕಡೆಯಿಂದ ಧಾರವಾಡಕ್ಕೂ ಇನ್ನೊಂದು ಕಡೆಯಿಂದ ಅವರ ಊರಿಗೂ ಹೋಗಿ ಕೂತಿವೆ. ಸಕ್ಕರೆಯಂತೂ ನಮ್ಮ ದೇಶದಿಂದಲೇ ಹೊರಟ ಪದ. ಜರ್ಮನ್ ಬರದೆ ಬಾಯಿ ಕಟ್ಟಿದಂತಿದ್ದ ನನಗೆ ಐದು ಪದ ಸಿಕ್ಕಿತ್ತು. ಐದು ಪದ ಬಹಳ ದೊಡ್ಡ ಆಸ್ತಿ.

ಇಷ್ಟೆಲ್ಲ ಆಗಿ ಈ ಮಂಗಳವಾರ ನಾನು ನಮ್ಮ ಸೂಪರ್ ಮಾರ್ಕೆಟ್ಟಿನಲ್ಲಿ ಬಗ್ಗಿ ಕೂತು ಕೊತಂಬರಿ ಆರಿಸುತ್ತಿದ್ದೆ. ಕೈ ತಾನಾಗಿಯೇ ಒಂದು ಎಲೆ ಕಿತ್ತು ಮೂಗಿನ ಹತ್ತಿರ ಹಿಡಿಯಿತು. ಮಾರುವಾಕೆಗೆ ಬೇಜಾರಾಯಿತು. "ಯಾಕ್ರಿ ಅಕ್ಕಾರ, ಮೂಸಿ ನೋಡಾಕತ್ತೀರಿ? ನಮ್ಮ ಹೊಲದ್ದ ಐತಿ, ನಸಿಕಿನ್ಯಾಗ ಕಿತ್ತೇವಿ." ಅವ್ವ ಚೀಲ ಹಿಡಿದು ನಿಂತಲ್ಲೇ ಹೇಳಿದಳು: "ಆಕಿ ದೂರದಾಗ ಇರ್ತಾಳವಾ. ಅಲ್ಲಿ ನೋಡೇ ತಗೋಬೇಕು." ಆಕೆ ಏನೂ ಮಾತಾಡದೆ ಇನ್ನೊಂದು ಸಣ್ಣ ಸೂಡು ಚೀಲಕ್ಕೆ ಹಾಕಿದಳು. ದುಡ್ಡು ತಗೊಳ್ಳಲಿಲ್ಲ.

ಕರಿಬೇವಿನ ಹತ್ತಿರ ಅವ್ವ ಕೈ ಚಾಚಿ ಹಿಂದೆ ತೆಗೆದಳು. ಹಸಿ ಎಲೆಗಳನ್ನು ಸರ್ಟಿಫಿಕೇಟ್ ಇಲ್ಲದೆ ಯುರೋಪಿಗೆ ಒಯ್ಯುವಂತಿಲ್ಲ. ಹಾಲಿನ ಪದಾರ್ಥವೂ ಒಯ್ಯುವಂತಿಲ್ಲ, ಹೀಗಾಗಿ ಧಾರವಾಡದ ಪೇಢೆ ಇಲ್ಲೇ ತಿಂದು ಹೋಗಬೇಕು. ಲೈನ್ ಬಜಾರಿನ ಮುಂದೆ ಹಾಯುವಾಗಲೆಲ್ಲ ಅವ್ವನಿಗೆ ಅದೇ ಸಂಕಟ.

ಕಿರಾಣಿ ಅಂಗಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ನಾನೇ ನೋಡಿದೆ. ನಮ್ಮ ಪಕ್ಕದ ಹಾವೇರಿ ಜಿಲ್ಲೆಯದು, 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ದು. ಗಿಡ್ಡ, ದಪ್ಪನೆಯ ಡಬ್ಬಿ ಬೇಕೋ, ಉದ್ದ, ತೆಳ್ಳನೆಯ ಕಡ್ಡಿ ಬೇಕೋ ಅಂತ ಅಂಗಡಿಯವರು ಕೇಳಿದರು. ಡಬ್ಬಿ ಅಂದೆ. ಬ್ಯಾಡಗಿಗೆ ಖಾರ ಕಡಿಮೆ, ಬಣ್ಣ ಕೆಂಪಗೆ. ಸುಕ್ಕುಗಳು ಒತ್ತಾಗಿವೆಯಾ ಅಂತ ಬೆಳಕಿಗೆ ಹಿಡಿದು ನೋಡಿದೆ. ಅವ್ವ ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಿದ್ದಾಳೆ ಅಂದರೆ ಸರಿ ಇದೆ ಅಂತ ಅರ್ಥ.

ಕೊನೆಗೆ ಗಿರಣಿ. ಅವ್ವನ ತವರು ಗದಗ ಕಡೆ, ಅಲ್ಲಿನ ಎರೆಹೊಲದ ಬಿಳಿಜೋಳ ಹಸನ ಮಾಡಿ ಇಟ್ಟಿದ್ದಳು. ಜೋಳದ ಹಿಟ್ಟು ಹಳೆಯದಾದರೆ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ, ಎಷ್ಟೇ ಬಿಸಿ ಎಸರು ಹಾಕಿ ನಾದಿದರೂ ಅಷ್ಟೇ. ಜರ್ಮನಿಯಲ್ಲಿ ಪೊಟ್ಟಣದಲ್ಲಿ ಸಿಗುವುದು ಬೀಸಿ ತಿಂಗಳುಗಟ್ಟಲೆ ಆದದ್ದು. "ಇದನ್ನ ಫ್ರೀಜರಿನ್ಯಾಗ ಇಡು, ಜಲ್ದಿ ಮುಗಸು" ಅಂದಳು. ಆಟೋದಲ್ಲಿ ಹಿಟ್ಟಿನ ಚೀಲ ನನ್ನ ತೊಡೆಯ ಮೇಲಿತ್ತು. ಎಳೆ ಮಗುವಿನ ಮೈಯಷ್ಟು ಬೆಚ್ಚಗಿತ್ತು.

ಮನೆಗೆ ಬಂದು ಅವ್ವ ಹಳೇ ಸೀರೆ ಹಾಸಿ ಹಿಟ್ಟು ಹರವಿದಳು. ಬಿಸಿ ಇದ್ದಾಗಲೇ ಕಟ್ಟಿದರೆ ಮುಗ್ಗು ಹಿಡಿಯುತ್ತದೆ. ಊಟ ಆಯಿತು, ಪಾತ್ರೆ ತೊಳೆದೆವು. ಅವ್ವ ಒಳಗಿನಿಂದಲೇ ಕೂಗಿದಳು.

"ಕೈ ಹಾಕಿ ನೋಡು, ಆರೇತೇನ?"

ಹಿಟ್ಟಿನೊಳಗೆ ಕೈ ಇಳಿಸಿದೆ. ಮೇಲೆ ತಣ್ಣಗಿತ್ತು, ತಳದಲ್ಲಿ ಇನ್ನೂ ಬಿಸಿ ಇತ್ತು.

"ಇನ್ನೂ ಆರಿಲ್ಲ," ಅಂದೆ.

"ಹಂಗಾರ ಇನ್ನೊಂದ ತಾಸು ಬಿಡು."