ದುಡ್ಡು ಕೊಟ್ಟು ದುರ್ಯೋಧನ ಆಗೋರು

ಆಫೀಸಲ್ಲಿ ಇದನ್ನ ಹೇಳಿದ್ರೆ ಯಾರೂ ನಂಬಲ್ಲ. ನಮ್ ಕಡೆ, ಅಂದ್ರೆ ಮಂಡ್ಯ, ಮದ್ದೂರು, ಚನ್ನಪಟ್ಟಣ, ಆ ಕಡೆ ತುಮಕೂರು, ಹಾಸನದ ತನಕನೂ, ಊರಲ್ಲಿ ಪೌರಾಣಿಕ ನಾಟಕ ಆಡಿದ್ರೆ ನೋಡೋರು ಒಂದ್ರೂಪಾಯಿ ಕೊಡಲ್ಲ, ಆಡೋರು ಕೊಡ್ತಾರೆ. ಪಾರ್ಟ್ ಮಾಡೋನೇ ದುಡ್ಡು ಕಟ್ಬೇಕು. ಕೃಷ್ಣಂಗೊಂದು ರೇಟು, ದುರ್ಯೋಧನಂಗೊಂದು ರೇಟು, ಕರ್ಣ ಭೀಮ ಅರ್ಜುನ ಅದಕ್ಕಿಂತ ಸ್ವಲ್ಪ ಕೆಳಗೆ, ವಿದುರ ಸಾತ್ಯಕಿ ಎಲ್ಲ ಕೊನೇಲಿ ಉಳಿದಿದ್ದು. ಊರಿಂದೂರಿಗೆ ರೇಟು ಬೇರೆ. ಈ ಸಲ ನಮ್ಮೂರ ಹಬ್ಬಕ್ಕೆ ದುರ್ಯೋಧನ 40,000ಕ್ಕೆ ಹೋಯ್ತು, ಅದೂ ಇಬ್ಬರು ಪೈಪೋಟಿಗೆ ಬಿದ್ದು.

ದುರ್ಯೋಧನ ಯಾಕೆ ಅಷ್ಟು ಕಾಸ್ಟ್ಲಿ ಅಂತ ಒಬ್ಬ ಫ್ರೆಂಡ್ ಕೇಳ್ದ, ಅವನು ವಿಲನ್ ಅಲ್ವಾ ಅಂತ. ವಿಲನ್ನೋ ಹೀರೋನೋ ನಮ್ಮೋರಿಗೆ ಅದೆಲ್ಲ ಲೆಕ್ಕಕ್ಕಿಲ್ಲ, ಯಾರಿಗೆ ಹಾಡು ಜಾಸ್ತಿ ಅನ್ನೋದೊಂದೇ ಲೆಕ್ಕ. ದುರ್ಯೋಧನ ರಾತ್ರಿ ಹತ್ತಕ್ಕೆ ಸ್ಟೇಜಿಗೆ ಬಂದ್ರೆ ಬೆಳಗಿನ ಜಾವ ತೊಡೆ ಮುರ್ಕೊಂಡು ಬೀಳೋ ತನಕ ಹಾಡ್ತಾನೇ ಇರ್ತಾನೆ. ಅದೂ ಅಲ್ದೆ ಹಳೆಗನ್ನಡದ ಕವಿಗಳ ಕಾಲದಿಂದಲೂ ನಮಗೆ ಅವನ ಛಲದ ಮೇಲೊಂದು ಮಮಕಾರ ಇದ್ದೇ ಇದೆ ಬಿಡಿ.

ನಾಟಕ ಯಾವುದು ಅಂತ ಕೇಳೋ ಹಂಗೇ ಇಲ್ಲ, ಹತ್ತರಲ್ಲಿ ಎಂಟು ಊರಲ್ಲಿ ಅದೇ "ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ". ಕೃಷ್ಣ ಮಲಗಿರೋವಾಗ ದುರ್ಯೋಧನ ಅರ್ಜುನ ಇಬ್ಬರೂ ಸಹಾಯ ಕೇಳ್ಕೊಂಡು ಬರೋದು, ಸಂಧಾನ, ಕರ್ಣ-ಕುಂತಿ ಭೇಟಿ, ಭೀಷ್ಮನ ಶರಮಂಚ, ಅಭಿಮನ್ಯು, ಸೈಂಧವ, ಕರ್ಣನ ಸಾವು, ಕೊನೆಗೆ ಗದಾಯುದ್ಧ. ಇದು ಕಂಪನಿ ನಾಟಕದ ಕಾಲದಿಂದ ಬಂದ ರೂಢಿ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯವರು ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೇನೇ ಸ್ಟೇಜ್ ಮೇಲೆ ತಂದು ನಿಲ್ಲಿಸಿದ್ರಂತಲ್ಲ, ಆ ಭ್ರಮೆ ನಮ್ ಜನರ ತಲೆಯಿಂದ ಇನ್ನೂ ಇಳಿದಿಲ್ಲ. ಸಿನಿಮಾ ಬಂದು ಕಂಪನಿಗಳು ಒಂದೊಂದೇ ಮುಚ್ಕೊಂಡಾಗ ಅಲ್ಲಿದ್ದ ಎಷ್ಟೋ ಜನ ಹಳ್ಳಿಗಳಿಗೆ ಬಂದು ಡ್ರಾಮಾ ಮೇಷ್ಟ್ರಾದ್ರು, ಅವರ ಶಿಷ್ಯರು, ಆ ಶಿಷ್ಯರ ಶಿಷ್ಯರು ಈಗಲೂ ಪೆಟ್ಟಿಗೆ ಬಾರಿಸ್ತಿದಾರೆ. ಪೆಟ್ಟಿಗೆ ಅಂದ್ರೆ ಹಾರ್ಮೋನಿಯಂ.

ಮೇಷ್ಟ್ರ ವಿಷಯ ಸ್ವಲ್ಪ ಜಾಸ್ತಿನೇ ಹೇಳ್ಬೇಕು. ಕಬ್ಬಿಗೆ ನೀರು ಕಟ್ಟಿ ಬಂದೋನು, ಹಾಲಿನ ವ್ಯಾನ್ ಓಡಿಸೋನು, ಸೊಸೈಟಿ ಅಂಗಡಿಯೋನು, ಇವರನ್ನೆಲ್ಲ ರಾತ್ರಿ ಎಂಟಕ್ಕೆ ದೇವಸ್ಥಾನದ ಜಗಲಿ ಮೇಲೆ ಕೂರಿಸ್ಕೊಂಡು ತಿಂಗಳುಗಟ್ಟಲೆ ತಾಲೀಮು ಮಾಡಿಸ್ಬೇಕು. ಒಬ್ಬನ ಶ್ರುತಿ ಒಂದಿದ್ರೆ ಇನ್ನೊಬ್ಬನದು ಇನ್ನೊಂದು, ಕೆಲವರಿಗೆ ಯಾವುದೂ ಇರಲ್ಲ. ಮೋಹನ ರಾಗದಲ್ಲಿ ಹೇಳ್ಕೊಟ್ಟ ಕಂದಪದ್ಯ ಒಂದು ವಾರ ಕಳೆಯೋದ್ರೊಳಗೆ ಯಾವುದೋ ಸಿನಿಮಾ ಹಾಡಿನ ಮಟ್ಟಿಗೆ ತಿರುಗಿರತ್ತೆ. "ಗಂಡಭೇರುಂಡ" ಅನ್ನೋ ಕಡೆ "ಗಂಡಬೇರುಂಡೆ" ಅಂತಾನೆ, ಅದನ್ನ ತಿದ್ದಬೇಕು. ಬೈಬೇಕು, ಆದ್ರೆ ಜಾಸ್ತಿ ಬೈಯೋ ಹಾಗಿಲ್ಲ, ಯಾಕಂದ್ರೆ ಅವನು ದುಡ್ಡು ಕಟ್ಟಿರೋನು! ನಮ್ಮೂರ ಮೇಷ್ಟ್ರು ಇದಕ್ಕೊಂದು ದಾರಿ ಕಂಡ್ಕೊಂಡಿದಾರೆ, ಬೈಬೇಕು ಅನ್ಸಿದಾಗೆಲ್ಲ ತಬಲದೋನಿಗೆ ಬೈತಾರೆ. ತಬಲದೋನಿಗೂ ಗೊತ್ತು, ಕೃಷ್ಣಂಗೂ ಗೊತ್ತು.

ನಾಟಕದ ದಿನ ಮೇಷ್ಟ್ರ ಇನ್ನೊಂದು ಕೆಲ್ಸ ಏನಂದ್ರೆ ಪಾತ್ರಧಾರಿ ಜೊತೆ ಅವರೂ ಹಾಡೋದು. ಸ್ಟೇಜ್ ಪಕ್ಕ ಲೆಗ್ ಹಾರ್ಮೋನಿಯಂ ಮುಂದೆ ಕೂತ್ಕೊಂಡು ಕಾಲಲ್ಲಿ ತಿದಿ ಒತ್ತುತ್ತಾ, ಮುಂದೊಂದು ಮೈಕು. ಅರ್ಜುನ ಮೇಲಿನ ಸ್ಥಾಯಿಗೆ ಹೋಗೋಕಾಗ್ದೆ ಬಾಯಿ ಮಾತ್ರ ತೆಗ್ದಾಗ ಮೇಷ್ಟ್ರು ಎತ್ಕೋತಾರೆ, ಅವನು ಕೈ ಮೇಲೆತ್ತಿ ನಿಂತಿದ್ರೆ ಸಾಕು, ಜನ ಚಪ್ಪಾಳೆ ಹೊಡೀತಾರೆ. ಮೋಸ ಅಂತ ಯಾರೂ ಅಂದ್ಕೊಳಲ್ಲ.

ಈ ಸಲದ ದುರ್ಯೋಧನ ಬಸ್ ಕಂಡಕ್ಟರು. ಇವನ ಗಂಟಲೇ ಬೇರೆ. ಇಷ್ಟು ವರ್ಷ ರಶ್ಶಲ್ಲಿ ಹಿಂದಿನ ಬಾಗಿಲಿಂದ ಡ್ರೈವರ್‌ಗೆ ಕೇಳೋ ಹಂಗೆ "ಹೋಲ್ಡಾನ್", "ರೈಟ್" ಅಂತ ಕೂಗಿ ಕೂಗಿ ಬಂದ ಗಂಟಲು, ಮೈಕ್ ಕೈಕೊಟ್ರೂ ಕೊನೇ ಸಾಲಿನ ಅಜ್ಜಿಗೆ ಕೇಳ್ಸತ್ತೆ. ನಾಟಕ ಫಿಕ್ಸ್ ಆದಾಗಿಂದ ಐಸ್‌ಕ್ರೀಮ್ ಇಲ್ಲ, ಮಜ್ಜಿಗೆ ಇಲ್ಲ, ಜೇಬಲ್ಲಿ ಅತಿಮಧುರದ ಕಡ್ಡಿ, ಫ್ಲಾಸ್ಕಲ್ಲಿ ಮೆಣಸಿನ ಕಷಾಯ. ಟಿಕೆಟ್ ಮೆಷಿನ್ ಹಿಡ್ಕೊಂಡೇ ಬಾಯಲ್ಲಿ ಡೈಲಾಗ್ ಗುನುಗ್ತಿದ್ನಂತೆ, ಒಬ್ಬ ಅಜ್ಜಿ ಮಂತ್ರ ಹೇಳ್ತಾವ್ನೆ ಅಂತ ಕೈ ಮುಗಿದ್ಲಂತೆ. ಇದು ಅವನೇ ಹೇಳಿದ್ದು, ಹಾಗಾಗಿ ಅರ್ಧ ನಂಬಿದ್ರೆ ಸಾಕು.

ಆದ್ರೆ ಪರದೆ ಎದ್ದು ಅವನು ಬಂದಿದ್ದು ಮಾತ್ರ... ದರ್ಬಾರ್ ಸೀನು, ಎರಡೂ ಕಡೆ ಪಟಾಕಿ ಹೂಕುಂಡ, ಹೊಗೆ, ಆ ಹೊಗೆ ಒಳಗಿಂದ ವೆಲ್ವೆಟ್ ಡ್ರೆಸ್ಸು, ಭುಜಕೀರ್ತಿ, ಕಿರೀಟ, ಹೆಗಲ ಮೇಲೆ ಗದೆ, ಒಂದೊಂದು ಹೆಜ್ಜೆಗೂ ತಬಲದ ಪೆಟ್ಟು. ದಿನಾ ಚಿಲ್ಲರೆ ಇಲ್ಲ ಅಂತ ಜನರ ಜೊತೆ ಜಗಳ ಆಡೋ ಮನುಷ್ಯ ಇವನೇನಾ ಅನ್ನಿಸ್ತು. ಆ ಡ್ರೆಸ್ಸಿನ ತೂಕ ಒಂದ್ಸಲ ಹಾಕ್ಕೊಂಡು ನೋಡ್ಬೇಕು ನೀವು. ಬಾಡಿಗೆ ಡ್ರೆಸ್ಸು, ಹಿಂದಿನ ರಾತ್ರಿ ಇನ್ನೊಂದೂರಲ್ಲಿ ಇನ್ನೊಬ್ಬ ದುರ್ಯೋಧನ ಹಾಕಿದ್ದು, ಅವನ ಬೆವರು ಇನ್ನೂ ಆರಿರಲ್ಲ. ಆ ಬೇಸಿಗೇಲಿ ಅದನ್ನ ಹಾಕ್ಕೊಂಡು ರಾತ್ರಿಯೆಲ್ಲ ಕುಣಿಯೋಕೆ 40,000 ಕೊಡೋನು ಹುಚ್ಚನೇ ಇರ್ಬೇಕು ಅಂತ ಅವನ ಹೆಂಡ್ತಿ ಎಲ್ಲರ ಮುಂದೇನೇ ಹೇಳಿದ್ಲು. ಹೇಳಿದೋಳೇ ಫಸ್ಟ್ ಸೀನಲ್ಲಿ ಮೊಬೈಲ್ ಎತ್ತಿ ಹಿಡಿದ್ಲು ನೋಡಿ, ಬ್ಯಾಟರಿ ಮುಗಿಯೋ ತನಕ ಇಳಿಸ್ಲಿಲ್ಲ.

ಕೃಷ್ಣ ಒಬ್ಬನಲ್ಲ, ಮೂರು ಜನ. ಒಂದನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ ಅಂತ ಪಾಂಪ್ಲೆಟ್‌ನಲ್ಲೇ ಫೋಟೋ ಸಮೇತ ಹಾಕ್ತಾರೆ. ಒಂದು ಪಾರ್ಟನ್ನ ಮೂರು ಭಾಗ ಮಾಡಿದ್ರೆ ಮೂರು ಜನರ ಆಸೆನೂ ತೀರತ್ತೆ, ಮೂರು ಜನರ ದುಡ್ಡೂ ಬರತ್ತೆ. ಒಂದನೇ ಕೃಷ್ಣ ಕಪ್ಪಗೆ ತೆಳ್ಳಗೆ, ಸಂಧಾನದ ಕೃಷ್ಣ ರಿಯಲ್ ಎಸ್ಟೇಟ್ ಮಾಡೋನು, ಹೊಟ್ಟೆ ಇದೆ, ಮೂರನೆಯೋನು ಇನ್ನೂ ಡಿಪ್ಲೊಮಾ ಓದ್ತಿರೋ ಹುಡುಗ. ದ್ರೌಪದಿ ಮಾತ್ರ ಒಬ್ಳೇ, ಮೂರು ಜನಕ್ಕೂ "ಅಣ್ಣಾ ಕೃಷ್ಣಾ" ಅಂತ ಅಷ್ಟೇ ಭಕ್ತಿಯಿಂದ ಕೈ ಮುಗೀತಾಳೆ.

ನಿಜ ಹೇಳ್ಬೇಕಂದ್ರೆ ಇಡೀ ನಾಟಕದಲ್ಲಿ ಆಕ್ಟಿಂಗ್ ಗೊತ್ತಿರೋದು ಈ ಸ್ತ್ರೀ ಪಾತ್ರ ಮಾಡೋರಿಗೇನೇ. ಸ್ತ್ರೀ ಪಾತ್ರಕ್ಕೆ ಊರ ಹೆಣ್ಣುಮಕ್ಕಳನ್ನ ಹಾಕಲ್ಲ, ಮೈಸೂರಿಂದಲೋ ಬೆಂಗಳೂರಿಂದಲೋ ಕಲಾವಿದೆಯರನ್ನ ಕರೆಸ್ತಾರೆ, ಇವರಿಗೆ ಮಾತ್ರ ದುಡ್ಡು ಕೊಟ್ಟು. ಸುಗ್ಗಿ ಮುಗಿದ ಮೇಲೆ ಮಳೆ ಹಿಡಿಯೋ ತನಕ ಅವರಿಗೆ ಸೀಸನ್ನು, ಒಂದು ರಾತ್ರಿ ಈ ಊರು, ಮಾರನೇ ರಾತ್ರಿ ಇನ್ನೊಂದೂರು. ತಾಲೀಮಿಗೆಲ್ಲ ಬರಲ್ಲ, ಬರೋ ಅಗತ್ಯನೂ ಇಲ್ಲ, ಕುಂತಿ, ದ್ರೌಪದಿ, ರುಕ್ಮಿಣಿ, ಉತ್ತರೆ ಎಲ್ಲ ಬಾಯಿಪಾಠ, ಜೊತೆಗೆ ಎದುರಿಗೆ ಇರೋನ ಮಾತೂ ಬಾಯಿಪಾಠ. ಈ ಸಲ ಬಂದಿದ್ದ ದ್ರೌಪದಿ ಮಧ್ಯಾಹ್ನ ಬಸ್ಸಿಳಿದು ಒಂದು ಬ್ಯಾಗು ಹಿಡ್ಕೊಂಡು ಸ್ಕೂಲ್ ರೂಮಿಗೆ ಬಂದು, ಊಟ ಮಾಡಿ, ಬೆಂಚ್ ಮೇಲೆ ಒಂದು ನಿದ್ದೆ ತೆಗೆದು, ಎದ್ದು ಕನ್ನಡಿ ಮುಂದೆ ಕೂತು ತಾವೇ ಮೇಕಪ್ ಹಾಕ್ಕೊಂಡ್ರು, ಒಂದು ಕಿವೀಲಿ ಫೋನು, ಮಗಂಗೆ ಟ್ಯೂಷನ್‌ಗೆ ಹೋದ್ಯಾ ಇಲ್ವಾ ಅಂತ ವಿಚಾರಣೆ.

ಅವತ್ತು ನಡೆದಿದ್ದು ಒಂದು ಹೇಳ್ಲೇಬೇಕು. ಭೀಮ ಮತ್ತು ದ್ರೌಪದಿ ಸೀನು. ಬಿಚ್ಚಿದ ಮುಡಿ ತೋರಿಸಿ ದ್ರೌಪದಿ ಅಳ್ತಾ ಇದಾರೆ, ಭೀಮ, ಅದೇ ಹಾಲಿನ ವ್ಯಾನಿನೋನು, ಮಾತು ಮರೆತು ಕಲ್ಲಿನ ಹಂಗೆ ನಿಂತ್ಬಿಟ್ಟ. ಸೈಡ್ ವಿಂಗಲ್ಲಿ ಪುಸ್ತಕ ಹಿಡಿದು ಮೊಬೈಲ್ ಟಾರ್ಚ್ ಹಾಕ್ಕೊಂಡು ಕೂತಿರೋ ಪ್ರಾಂಪ್ಟರ್ ಎರಡು ಸಲ ಹೇಳಿದ್ರೂ ಅವನ ಕಿವಿಗೆ ಬೀಳ್ಲಿಲ್ಲ. ಆಗ ಈ ಯಮ್ಮ ಸೆರಗನ್ನ ಬಾಯಿಗೆ ಅಡ್ಡ ಹಿಡಿದು ಇನ್ನೂ ಜೋರಾಗಿ ಬಿಕ್ಕಿ ಬಿಕ್ಕಿ ಅಳ್ತಾ, ಮಧ್ಯದಲ್ಲಿ ಮೆಲ್ಲಗೆ "ಗದೆ ಎತ್ತಣ್ಣ, ಎಲೈ ಪಾಂಚಾಲಿ ಅನ್ನು, ಅಳಬೇಡ ಅನ್ನು" ಅಂದ್ರು. ಮೇಲೆ ತೂಗುಮೈಕು ಇರೋದು ಮರೆತಿದ್ರೋ ಏನೋ, ಊರಿಗೆಲ್ಲ ಕೇಳಿಸ್ತು. ಭೀಮ ಗದೆ ಎತ್ತಿ "ಎಲೈ ಪಾಂಚಾಲೀ" ಅಂತ ಗುಡುಗಿದ, ಜನ ಬಿದ್ದು ಬಿದ್ದು ನಕ್ಕು ಶಿಳ್ಳೆ ಹೊಡೆದ್ರು. ದ್ರೌಪದಿ ನಗ್ಲಿಲ್ಲ. ಒಂದು ಗೆರೆನೂ ಅಲುಗಾಡದೆ ಅಳು ಮುಂದುವರಿಸಿ ಹಾಡು ಎತ್ತಿದ್ರು ನೋಡಿ, ಎರಡು ಸಾಲು ಮುಗಿಯೋದ್ರೊಳಗೆ ನಕ್ಕ ಹೆಂಗಸರೇ ಕಣ್ಣೊರೆಸ್ಕೋತಿದ್ರು. ಇಂಥೋರ ಹೆಸರು ನಮ್ಮೂರ ಪಾಂಪ್ಲೆಟ್ಟಲ್ಲಿ ತೀರಾ ಕೆಳಗೆ, ಶಾಮಿಯಾನದವರ ಹೆಸರಿನ ಪಕ್ಕ, ಫೋಟೋನೂ ಇಲ್ದೆ ಇತ್ತು. ನನಗೆ ಇದು ಸರಿ ಅನ್ಸಲ್ಲ, ಕಮಿಟಿಯೋರಿಗೂ ಹೇಳಿದೀನಿ. "ಅವ್ರು ದುಡ್ ಇಸ್ಕೊಂಡು ಮಾಡೋರು ಕನಪ್ಪ" ಅಂದ್ರು. ಬೇರೆ ಯಾವ ಕಸುಬಲ್ಲಾದ್ರೂ ಇಂಥ ಮಾತು ಕೇಳಿದೀರಾ?

ಇನ್ನೊಂದು ಹೊಟ್ಟೆ ಉರಿ ನನಗೆ ನಮ್ಮೂರ ಟೈಲರ್ ವಿಷಯದಲ್ಲಿ. ಊರಲ್ಲಿ ಸರಿಯಾಗಿ ಶ್ರುತಿ ಮೇಲೆ ನಿಂತು ಹಾಡೋನು ಅಂತ ಇದ್ರೆ ಅವನೊಬ್ಬ, ಬಿಲಹರಿ ರಾಗ ಹಿಡಿದ ಅಂದ್ರೆ ಮೇಷ್ಟ್ರೇ ತಲೆದೂಗ್ತಾರೆ. ಅವನಿಗೆ ಸಿಕ್ಕಿದ್ದು ಸಾತ್ಯಕಿ. ಅಷ್ಟೇ ಕೊಡೋಕಾಗೋದು ಅವನಿಗೆ. ರಿಯಲ್ ಎಸ್ಟೇಟ್ ಕೃಷ್ಣ ಹಾಡೋವಾಗ ಹಿಂದೆ ಕೈ ಕಟ್ಕೊಂಡು ನಿಂತಿದ್ದ ಪಾಪ. ಆಮೇಲೆ ತನ್ನ ಒಂದೇ ಒಂದು ಪದ್ಯ ಬಂತು, ಹಾಡ್ದ, ಮುಗಿಯೋ ಹೊತ್ತಿಗೆ ಹಿಂದಿಂದ "ಒನ್ಸ್ ಮೋರ್" ಅಂತ ಕೂಗು. ಕಮಿಟಿಯೋರು ಟೈಮಾಯ್ತು ಮುಂದಕ್ಕೋಗಿ ಅಂತ ಕೈಸನ್ನೆ ಮಾಡ್ತಿದ್ರು, ಮೇಷ್ಟ್ರು ಅತ್ಲಾಗೆ ನೋಡ್ದೇ ಇದ್ದೋರ ಹಂಗೆ ಮತ್ತೆ ಶ್ರುತಿ ಹಿಡಿದ್ರು, ಅವನು ಮತ್ತೆ ಹಾಡ್ದ, ಈ ಸಲ ಇನ್ನೂ ಎಳೆದು. ದುಡ್ಡಿನ ಲೆಕ್ಕದ ಮೇಲೆ ಪಾರ್ಟ್ ಹಂಚೋದು ಅನ್ಯಾಯ ಅಂತ ನಾನು ವಾದ ಮಾಡಬಲ್ಲೆ, ಆದ್ರೆ ಹಂಗ್ ಹಂಚದೇ ಇದ್ರೆ ಸೀನರಿ, ಡ್ರೆಸ್ಸು, ಲೈಟು, ಮೈಕು, ವಾದ್ಯದೋರು, ಮೇಷ್ಟ್ರ ಫೀಸು, ಇದೆಲ್ಲಕ್ಕೂ ಯಾರು ಕೊಡ್ತಾರೆ ಅಂತ ಕೇಳಿದ್ರೆ ನನ್ ಹತ್ರ ಉತ್ತರ ಇಲ್ಲ.

ಅಂಗೆ ನೋಡಿದ್ರೆ ಕಟ್ಟಿದ ದುಡ್ಡಲ್ಲೇ ಖರ್ಚು ಮುಗಿಯಲ್ಲ. ನೆಂಟರಿಷ್ಟರನ್ನೆಲ್ಲ ಕರೀಬೇಕು, ಅವರಿಗೆ ಊಟ, ಫ್ಲೆಕ್ಸು ಬೇರೆ. ನೆಂಟರೂ ಬರಿಗೈಲಿ ಬರಲ್ಲ ಅನ್ನಿ. ಕರ್ಣ ಕುಂತಿ ಕಾಲಿಗೆ ಬಿದ್ದು ತಾಯೀ ಅಂತ ಅಳೋ ಹೊತ್ತಿಗೆ ಮೈಕಲ್ಲಿ "ಇದೀಗ ಕರ್ಣನ ಪಾತ್ರಧಾರಿಗೆ ಅವರ ಭಾವಮೈದುನರಿಂದ ಉಂಗುರದ ಉಡುಗೊರೆ" ಅಂತ ಅನೌನ್ಸ್‌ಮೆಂಟು. ಕರ್ಣ ಎದ್ದು ನಿಂತು ಹಾರ ಹಾಕಿಸ್ಕೊಂಡು ಫೋಟೋಗೆ ನಗ್ತಾನೆ, ಕುಂತಿ ಪಕ್ಕದಲ್ಲಿ ಕಾಯ್ತಾ ನಿಂತಿರ್ತಾಳೆ, ಫೋಟೋ ಮುಗಿದ ತಕ್ಷಣ ಅವನು ಮತ್ತೆ ಅದೇ ಜಾಗಕ್ಕೆ ಹೋಗಿ ಕಾಲಿಗೆ ಬೀಳ್ತಾನೆ. ಪೇಟೆಯೋರಿಗೆ ಇದು ಆಭಾಸ ಅನ್ಸತ್ತೆ. ನಾನೂ ಬೆಂಗಳೂರಲ್ಲಿ ಟಿಕೆಟ್ ತಗೊಂಡು ನಾಟಕ ನೋಡಿದೀನಿ, ಕೆಮ್ಮಿದ್ರೂ ತಿರುಗಿ ನೋಡ್ತಾರೆ ಅಲ್ಲಿ, ಚೆನ್ನಾಗೂ ಇರತ್ತೆ. ಆದ್ರೆ ಸ್ಟೇಜ್ ಮೇಲೆ ಇರೋನು ನನ್ ಚಿಕ್ಕಪ್ಪನ ಮಗ, ಅವನ ಸಾಲ ಎಷ್ಟು, ಬೋರ್‌ವೆಲ್ ಎಷ್ಟು ಸಲ ಫೇಲಾಯ್ತು ಅನ್ನೋದೆಲ್ಲ ಗೊತ್ತಿದ್ದು ಅವನು ದಾನಶೂರ ಕರ್ಣ ಆಗಿ ಕವಚ ಕೊಟ್ಟ ಕಥೆ ಹಾಡೋದು ನೋಡೋದಿದೆಯಲ್ಲ, ಅದು ಬೇರೆನೇ ಬಿಡಿ.

ಇನ್ನೊಂದು ಖುಷಿ ವಿಷ್ಯ, ಈಗೀಗ ಹೆಂಗಸರೇ ಸೇರ್ಕೊಂಡು ಇಡೀ ಕುರುಕ್ಷೇತ್ರ ಆಡ್ತಿದಾರೆ, ಮೀಸೆ ಅಂಟಿಸ್ಕೊಂಡು ಗದೆ ಹೊತ್ಕೊಂಡು. ನಮ್ಮತ್ತೆಗೆ ಅದರ ವಿಡಿಯೋ ತೋರಿಸ್ದೆ, ದುರ್ಯೋಧನಂಗೆ ರೇಟ್ ಎಷ್ಟಂತೆ ಅಂತ ಕೇಳಿದ್ರು, ಸುಮ್ನೆ ಕೇಳ್ದಂಗಿರ್ಲಿಲ್ಲ.

ಬೆಳಗಿನ ಜಾವದ ಹೊತ್ತಿಗೆ ಮುಂದೆ ಕೂತೋರಲ್ಲಿ ಅರ್ಧ ಜನ ಚಾಪೆ ಮೇಲೆ ಉರುಳಿದ್ರು, ಗದಾಯುದ್ಧಕ್ಕೆ ಎಬ್ಬಿಸಿ ಅಂತ ಹೇಳಿ ಮಲಗಿದೋರನ್ನ ಯಾರೂ ಎಬ್ಬಿಸ್ಲಿಲ್ಲ. ದುರ್ಯೋಧನ ಸತ್ತು, ಮಂಗಳಾರತಿ ಆಗಿ, ಡ್ರೆಸ್‌ನೋರು ಕಿರೀಟ ಎಣಿಸಿ ಟ್ರಂಕಿಗೆ ತುಂಬೋ ಹೊತ್ತಿಗೆ ಡೇರಿ ಮುಂದೆ ಕ್ಯಾನ್ ಸದ್ದು. ಭೀಮ ಮುಖ ತೊಳ್ಕೊಂಡು ವ್ಯಾನ್ ಹತ್ತಿದ, ಕಣ್ಣಿನ ಕಪ್ಪು ಮಾತ್ರ ಹಂಗೇ ಇತ್ತು. ಅದು ಎರಡ್ಮೂರು ದಿನ ಹೋಗಲ್ಲ, ಹೋಗ್ಲಿ ಅಂತ ಯಾರೂ ಜಾಸ್ತಿ ಉಜ್ಜೋದೂ ಇಲ್ಲ.

ಮುಂದಿನ ವರ್ಷದ ಲಿಸ್ಟ್ ಆಗ್ಲೇ ಓಡಾಡ್ತಿದೆ. ನನ್ನೂ ಕೇಳವ್ರೆ, ಧರ್ಮರಾಯ ಖಾಲಿ ಐತೆ, ನೀನು ಓದ್ದೋನು, ಮೆತ್ತಗೆ ಮಾತಾಡ್ತೀಯ, ಸರಿಯಾಗಿ ಹೊಂದ್ತದೆ, ರೇಟಲ್ಲೂ ಸ್ವಲ್ಪ ನೋಡ್ಕಳ್ಳವಾ ಅಂತ. ಮನೇಲಿ ಕೇಳಿ ಹೇಳ್ತೀನಿ ಅಂದೆ. ಹೆಂಡ್ತಿನ ಪಣಕ್ಕಿಟ್ಟೋನ ಪಾರ್ಟಿಗೆ ಹೆಂಡ್ತಿ ಪರ್ಮಿಷನ್ ಕೇಳ್ತಾವ್ನೆ ಅಂತ ಇಡೀ ಅರಳಿಕಟ್ಟೆ ನಗ್ತಿದೆ.